ನಾಲ್ಕು ಬೆರಳು ಬಾಲ

ಕನ್ನಡಿಗೆ ಬೆನ್ನು ಹಾಕಿ ನಿಂತು, ಕತ್ತನ್ನು ಹಿಂದಕ್ಕೆ ತಿರುಗಿಸಿ, ತನ್ನ ಹಿಂಭಾಗವನ್ನು ತಾನೇ ನೋಡಿಕೊಳ್ಳುವ ಈ ಕಸರತ್ತನ್ನು ಹದಿಮೂರನೇ ವಯಸ್ಸಿನಿಂದ ಮಾಡಿಕೊಂಡು ಬಂದಿದ್ದೇನಲ್ಲ, ಇಷ್ಟು ಹೊತ್ತಿಗೆ ಯಾವುದಾದರೂ ಸರ್ಕಸ್ಸಿನವರು ಕರೆದು ಕೆಲಸ ಕೊಡಬೇಕಿತ್ತು ಎಂದುಕೊಂಡಳು. ಕತ್ತಿನ ಎಡಭಾಗದಲ್ಲಿ ಒಂದು ನರ ಚಳಕ್ ಎಂದಿತು. ಏನೂ ಆಗಿರಲಿಲ್ಲ, ಆಗುವಷ್ಟು ಹೊತ್ತೂ ಆಗಿರಲಿಲ್ಲ, ಬೆಳಿಗ್ಗೆ ಆರಕ್ಕೆ ಮುಟ್ಟು ಶುರುವಾಗಿದ್ದು ಅಷ್ಟೆ. ಬೀರುವಿನಲ್ಲಿ ಈ ನಾಲ್ಕು ದಿನಗಳಿಗೆಂದೇ ಒಂದು ಬದಿಯಲ್ಲಿ ಜೋಡಿಸಿಟ್ಟ ಬಟ್ಟೆಗಳಿದ್ದವು: ಕಪ್ಪು, ಕಡುಕಂದು, ಮತ್ತೆ ಕಪ್ಪು. ಯಾರೋ ಸತ್ತವರ ಮನೆಗೆ ಹೊರಟವಳ ಹಾಗೆ ತಿಂಗಳಿಗೆ ನಾಲ್ಕು ದಿನ ಅವುಗಳೊಳಗೆ ಹೊಕ್ಕು ಹೊರಡುತ್ತಿದ್ದಳು. ಇವತ್ತು ಕಪ್ಪಿಗೆ ಕೈ ಹಾಕಿದವಳು ತಡೆದಳು. ಇವತ್ತು ಮೂರು ಗಂಟೆಗೆ ವರದಿಗೆ ಸಹಿ ಹಾಕಬೇಕು. ‘ಸೋರಿಕೆ ಇಲ್ಲ’ ಎಂದು ಬರೆದಿರುವ ವರದಿ. ಬರೆದವಳು ತಾನೇ. ಈಗ ಹಾಕಿಕೊಂಡಿರುವುದೂ ಅದೇ ಪ್ಯಾಡು, ಬಾಲ ಕತ್ತರಿಸಿದ್ದು. ಹಾಗಾದರೆ ಕಪ್ಪು ಯಾಕಮ್ಮ ತಾಯಿ, ಎಂದು ತನ್ನನ್ನೇ ಕೇಳಿಕೊಂಡಳು. ಬೀರುವಿನ ಇನ್ನೊಂದು ಬದಿಯಿಂದ ಕೆನೆಬಣ್ಣದ ಪ್ಯಾಂಟನ್ನು ಎಳೆದು ತೆಗೆದು, ಯಾರ ಮೇಲೋ ಹಟ ಸಾಧಿಸುವವಳ ಹಾಗೆ ಕಾಲು ತೂರಿಸಿದಳು.

ಬಾಲ ಎನ್ನುವುದು ಅವಳು ಪ್ಯಾಡು ವಿನ್ಯಾಸ ಮಾಡುವ ಕಾರ್ಖಾನೆಯ ಮಾತು. ಎಂಟು ತಿಂಗಳು ಕೂತು ಅವಳು ಬಿಡಿಸಿ, ಅಳಿಸಿ, ಕತ್ತರಿಸಿ, ಹೊಲಿದು ಮಾಡಿದ ಪ್ಯಾಡಿನ ಹಿಂಭಾಗ ಉಳಿದವುಗಳಿಗಿಂತ ನಾಲ್ಕು ಬೆರಳು ಉದ್ದವಿತ್ತು, ತುದಿಯಲ್ಲಿ ಸ್ವಲ್ಪ ಅಗಲವಾಗಿ, ನಡುವೆ ಒಂದು ಸಣ್ಣ ಏಣು ಎದ್ದು. ಕೂತಾಗ ಮೈಯ ಸೀಳಿಗೆ ಆ ಏಣು ಹೊಂದಿಕೊಂಡು ಹಿಂದಕ್ಕೆ ಹರಿದದ್ದನ್ನು ತಡೆದು ಹಿಡಿಯಬೇಕು, ಅದು ಲೆಕ್ಕ. ಮೊದಲ ಸಲ ಮೇಜಿನ ಮೇಲಿಟ್ಟಾಗ ಕತ್ತರಿಸುವ ವಿಭಾಗದ ಹೆಂಗಸರೆಲ್ಲ ‘ದೊಡ್ಡಮ್ಮ’ ಎಂದು ಕರೆಯುವ ಹಿರಿಯ ಹೆಂಗಸು ಕನ್ನಡಕ ಏರಿಸಿ ನೋಡಿ, "ಇದೇನೇ ತಾಯಿ, ಇದಕ್ಕೆ ಬಾಲ ಬಂದಿದೆ!" ಎಂದಿದ್ದಳು. ಅವತ್ತಿನಿಂದ ಕಾಗದಪತ್ರದಲ್ಲೂ ಬಾಲವೇ ಆಯಿತು. ಬಾಲ ಇದ್ದದ್ದು, ಬಾಲ ಇಲ್ಲದ್ದು. ಡಬ್ಬಿ ಚಿಕ್ಕದಾಗಿ ಚೊಕ್ಕವಾಗಿ ಕೈಚೀಲದಲ್ಲಿ ಕೂರಬೇಕೆಂದು ಮ್ಯಾನೇಜರ್ ಬಾಲ ಕತ್ತರಿಸಿ ಇನ್ನೊಂದು ಮಾದರಿ ಮಾಡಿಸಿದರು. ಏಣು ಹೋಯಿತು, ನಾಲ್ಕು ಬೆರಳು ಹೋಯಿತು. ಅವಳು ಕೈಕಟ್ಟಿ ನಿಂತು ನೋಡಿದ್ದಳು.

ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಅಕ್ಕನ ಫೋನು ಬಂತು. ಅಕ್ಕ ಸಿಟಿ ಬಸ್ಸಿನ ಕಂಡಕ್ಟರು. ಮೊದಲ ಟ್ರಿಪ್ಪು ಮುಗಿಸಿ ಡಿಪೋದಲ್ಲಿ ನಿಂತು ಫೋನು ಮಾಡುವುದು ಅವಳ ರೂಢಿ; ಹಿಂದೆ ಯಾವಾಗಲೂ ಇಂಜಿನ್ನಿನ ಗುರುಗುರು.

"ಪುಟ್ಟಿ, ಇವತ್ತಲ್ವಾ ನಿನ್ನ ಮೀಟಿಂಗು?"

"ಹೂಂ. ಮೂರಕ್ಕೆ."

"ಬಾಲ ಇರೋದು ಒಂದೇ ಒಂದು ಉಳಿದಿತ್ತು ನೋಡು, ಇವತ್ತು ಹಾಕ್ಕೊಂಡ್ಬಂದೆ. ಇನ್ನೊಂದು, ಆ ಮೋಟು ಬಾಲದ್ದು, ಅದನ್ನ ಕಸದ ಬುಟ್ಟಿಗೆ ಹಾಕ್ದೆ ಕಣೇ, ಬೇಜಾರ್ ಮಾಡ್ಕೋಬೇಡ. ನಾನು ಫಾರಮ್ಮಲ್ಲಿ ಬರ್ದಿದ್ನಲ್ಲ, ನೋಡಿದ್ರಾ ನಿಮ್ಮೋರು?"

"ನೋಡಿದ್ರು."

"ಏನಂದ್ರು?"

ಬಸ್ಸು ಬರದಿದ್ದರೂ "ಬಸ್ ಬಂತು, ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟಳು. ಖಾಲಿ ರಸ್ತೆಯನ್ನು ನೋಡುತ್ತ ಥೂ ನಿನ್ನ ಎಂದು ತನಗೇ ಬೈದುಕೊಂಡಳು. ಕಂಡಕ್ಟರಿಗೇ ಬಸ್ಸಿನ ಸುಳ್ಳು.

ಹೋದ ವಾರ ನಡೆದದ್ದು ಇಷ್ಟು. ಬಾಲ ಇಲ್ಲದ ಮಾದರಿಯನ್ನು ಹಿಂದಿನ ತಿಂಗಳೇ ಇಪ್ಪತ್ತನಾಲ್ಕು ಜನ ಹಾಕಿಕೊಂಡು ನೋಡಿದ್ದರು, ಕಾರ್ಖಾನೆಯ ಹೆಂಗಸರೇ ಹೆಚ್ಚು, ಹೊರಗಿನವರು ಒಬ್ಬಿಬ್ಬರು. ಫಾರಮ್ಮಿನಲ್ಲಿ ಹೆಸರಿಲ್ಲ, ನಂಬರು ಮಾತ್ರ. ‘ಸೋರಿಕೆ ಕಂಡಿತೇ? ಹೌದು, ಇಲ್ಲ.’ ಇಪ್ಪತ್ತಮೂರು ಜನ ‘ಇಲ್ಲ’ಕ್ಕೆ ಗುರುತು ಹಾಕಿದ್ದರು. ಹದಿನೇಳನೇ ನಂಬರು ಮಾತ್ರ ‘ಹೌದು’ ಎಂದು ಎರಡು ಗೆರೆ ಎಳೆದು, ಕೆಳಗೆ ಬಾಲ್‌ಪೆನ್ನಿನಲ್ಲಿ ಪ್ಯಾಡಿನ ಚಿತ್ರ ಬಿಡಿಸಿ, ಹಿಂಭಾಗದಲ್ಲಿ ದಪ್ಪ ಚುಕ್ಕೆ ಇಟ್ಟು, ‘ಇಲ್ಲಿ. ನಿಂತಾಗ ಅಲ್ಲ, ಕೂತಾಗ’ ಎಂದು ಬರೆದಿತ್ತು. ಹಾರ್ನಿನ ಹಾಗೆ ಬಾಗಿದ ಅಕ್ಕನ ಆ ಅಕ್ಷರ ಎಲ್ಲಿ ಕಂಡರೂ ಅವಳಿಗೆ ಗುರುತು ಸಿಗುತ್ತಿತ್ತು. ಮ್ಯಾನೇಜರ್ ಹಾಳೆಯನ್ನು ಬೆರಳ ತುದಿಯಲ್ಲಿ ಹಿಡಿದು, "ಯಾರಿದು ಚಿತ್ರಕಲಾವಿದೆ? ಅಂಟಿಸೋದು ಸರಿಯಾಗಿ ಗೊತ್ತಿಲ್ಲ ಅನ್ಸುತ್ತೆ, ಅಲ್ವಾ ಮೇಡಂ?" ಎಂದರು. ಆಗ ಅವಳು, ಹೌದು ಅವಳೇ, ಈ ಬಾಯಿಂದಲೇ, "ಇರಬಹುದು ಸಾರ್. ಸ್ವಲ್ಪ ಅವಸರದ ಹೆಂಗಸು" ಎಂದಳು. ಹೆಂಗಸು! ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಕೈ ಹಿಡಿದು ಕರೆದುಕೊಂಡು ಹೋದವಳು, ಒಂದು ವಾಕ್ಯದಲ್ಲಿ ಯಾವುದೋ ಅವಸರದ ಹೆಂಗಸಾಗಿಬಿಟ್ಟಳು. ಹದಿನೇಳನೇ ಹಾಳೆ ಮ್ಯಾನೇಜರರ ಡ್ರಾಯರಿಗೆ ಹೋಯಿತು. ಮೊದಲನೇ ನಂಬರಿನ ಹಾಳೆ ಮೇಲಕ್ಕೆ ಬಂತು, ಅದು ಅವಳು ತಾನೇ ತುಂಬಿದ್ದು. ‘ಇಲ್ಲ’ ಎಂಬಲ್ಲಿ ಚೊಕ್ಕ ಗುರುತು. ಆ ಗುರುತು ಹಾಕುವ ಹಿಂದಿನ ದಿನ ತನ್ನ ಕುರ್ಚಿಯ ಮೇಲೆ ಬೆರಳಗಲದ ಕಲೆ ನೋಡಿ, ಒದ್ದೆ ಕರವಸ್ತ್ರದಿಂದ ಉಜ್ಜಿ, ನಾನೇ ಜಾಸ್ತಿ ಹೊತ್ತು ಬದಲಾಯಿಸದೆ ಕೂತೆ, ತಪ್ಪು ನನ್ನದೇ ಎಂದು ಸಮಾಧಾನ ಹೇಳಿಕೊಂಡಿದ್ದಳು. ಪ್ಯಾಡು ಮಾಡುವವಳೇ ಹಾಗಂದುಕೊಂಡರೆ ಉಳಿದವರ ಪಾಡೇನು ಎಂಬುದು ಆಗ ಹೊಳೆದಿರಲಿಲ್ಲ.

ಪ್ರಯೋಗದ ಕೋಣೆಗೆ ಬಂದರೆ ಅದೇ ವಾಸನೆ, ಅಂಟು ಮತ್ತು ಹತ್ತಿಯ ಧೂಳು. ಮೇಜಿನ ಮೇಲೆ ಗಾಜಿನ ತಟ್ಟೆ, ಅದರ ಮೇಲೆ ಪ್ಯಾಡು, ಪ್ಯಾಡಿನ ನಟ್ಟನಡುವೆ ಪೆನ್ಸಿಲಿನಲ್ಲಿ ಹಾಕಿದ ಕೂಡಿಸುವ ಚಿಹ್ನೆ. ಅಲ್ಲಿಗೆ ನಳಿಕೆಯಿಂದ ನೀಲಿ ನೀರು ಬಿಡುವುದು, ಇಷ್ಟು ಹೊತ್ತು ಕಾಯುವುದು, ಮೇಲೊಂದು ಹೀರುವ ಕಾಗದ ಇಟ್ಟು ತೂಕದ ಕಲ್ಲು ಹೇರುವುದು, ಕಾಗದ ಎಷ್ಟು ಒದ್ದೆಯಾಯಿತು ನೋಡುವುದು. ಈ ನೀಲಿ ನೀರಿನ ಮೇಲೆ ಮ್ಯಾನೇಜರಿಗೆ ಎಷ್ಟು ಪ್ರೀತಿಯೆಂದರೆ ಹೆಂಗಸರು ಬೆನ್ನ ಹಿಂದೆ ಅವರನ್ನು ‘ನೀಲಿ ಸಾಹೇಬ’ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಬರೆದ ಮೊದಲ ವರದಿಯಲ್ಲಿ ‘ರಕ್ತ’ ಎಂದಿದ್ದ ಕಡೆಯೆಲ್ಲ ಅವರು ಗೆರೆ ಹೊಡೆದು ‘ದ್ರವ’ ಎಂದು ತಿದ್ದಿ ಕಳಿಸಿದ್ದರು, ಒಂದಲ್ಲ ಎರಡಲ್ಲ, ಹನ್ನೊಂದು ಕಡೆ. ಕೆಟ್ಟ ಮನುಷ್ಯರೇನಲ್ಲ. ಮಗಳ ಪರೀಕ್ಷೆಗೆ ರಜೆ ಹಾಕಿ ಪಾಠ ಹೇಳಿಕೊಡುವವರು, ಹೆಂಗಸರಿಗೆ ಎದ್ದು ಕುರ್ಚಿ ಬಿಟ್ಟುಕೊಡುವವರು. ಹೆಂಗಸರು ಗಾಜಿನ ತಟ್ಟೆಯ ಹಾಗೆ ಅಂಗಾತ ಬಿದ್ದುಕೊಂಡಿರುವುದಿಲ್ಲ, ಕೂರುತ್ತಾರೆ, ಏಳುತ್ತಾರೆ, ಬಗ್ಗುತ್ತಾರೆ, ಬಸ್ಸಿನ ಬ್ರೇಕಿಗೆ ಜೋಲಿ ಹೊಡೆಯುತ್ತಾರೆ ಎಂಬುದು ಅವರಿಗೆ ಹೊಳೆಯುವ ಸಂಗತಿಯಲ್ಲ, ಅಷ್ಟೆ. ಆದರೆ ಅವಳಿಗೆ ಹೊಳೆದಿತ್ತಲ್ಲ. ಹೊಳೆದೂ ಬಾಯಿಗೆ ಬೀಗ ಹಾಕಿಕೊಂಡವರಿಗೆ ಏನನ್ನಬೇಕು? ಗಾಜಿನ ತಟ್ಟೆಯಲ್ಲಿ ಅವಳ ಮುಖ ನೀಲಿಯಾಗಿ ಕಂಡಿತು.

ನೆನಪಿನಲ್ಲಿ ಈಗಲೂ ಶಾಲೆಯ ರಂಗಮಂಟಪದ ಹಿಂದಿನ ಇಕ್ಕಟ್ಟಾದ ಓಣಿಯಲ್ಲಿ ಅಕ್ಕ ನಿಂತಿದ್ದಾಳೆ. ಹತ್ತನೇ ತರಗತಿ. ಭಾಷಣಕ್ಕೆ ಆಯ್ಕೆಯಾದವಳು ಅಕ್ಕ. ಆಯ್ಕೆಯಾಗದೆ ಉಳಿದವಳು ಎಂಟನೇ ತರಗತಿಯ ತಾನು. ಹೆಸರು ಕೂಗಿದ್ದಾರೆ. ಅಕ್ಕ ತಟ್ಟನೆ ಬೆನ್ನು ತಿರುಗಿಸಿ, ದನಿ ತಗ್ಗಿಸಿ, "ಪುಟ್ಟಿ, ಹಿಂದೆ ನೋಡೇ, ಏನಾದ್ರೂ ಆಗಿದೆಯಾ?" ಎಂದಳು. ಎಲ್ಲ ಹುಡುಗಿಯರೂ ಎಲ್ಲ ಹುಡುಗಿಯರನ್ನೂ ಕೇಳುವ ಪ್ರಶ್ನೆ. ಅದಕ್ಕೆ ಸುಳ್ಳು ಹೇಳುವವರು ಯಾರೂ ಇಲ್ಲ. ಜಗಳವಾಡಿ ಮಾತು ಬಿಟ್ಟವರೂ ಇದೊಂದಕ್ಕೆ ಮಾತ್ರ ಉತ್ತರ ಕೊಡುತ್ತಾರೆ. ಅವಳು ನೋಡಿದಳು. ನಾಣ್ಯದಷ್ಟಗಲ, ಆಕಾಶಬಣ್ಣದ ಲಂಗದ ಮೇಲೆ. ನೋಡಿ, "ಏನೂ ಇಲ್ಲ, ಹೋಗು" ಎಂದಳು. ಯಾಕೆ ಅಂದೆ? ಹೊಟ್ಟೆಕಿಚ್ಚು, ಮತ್ತೇನು. ಇಪ್ಪತ್ತೆರಡು ವರ್ಷ ಅದಕ್ಕೆ ಬೇರೆ ಹೆಸರು ಹುಡುಕಿದರೂ ಸಿಕ್ಕಿರಲಿಲ್ಲ. ಅಕ್ಕ ಐದು ನಿಮಿಷ ಸಭೆಗೆ ಮುಖ ಮಾಡಿ ಅದ್ಭುತವಾಗಿ ಮಾತನಾಡಿದಳು. ಆಮೇಲೆ ಬಹುಮಾನ ತೆಗೆದುಕೊಳ್ಳಲು ಅತಿಥಿಗಳ ಕಡೆ ತಿರುಗಿದಳು. ಮೊದಲು ಒಂದು ನಗು ಕೇಳಿಸಿತು, ಹಿಂದಿನ ಸಾಲಿನಿಂದ, ಆಮೇಲೆ ಅದಕ್ಕೆ ಜೊತೆ ಸಿಕ್ಕಿತು. ಮನೆಗೆ ಬಂದು ಅಕ್ಕ ಲಂಗವನ್ನು ತಾನೇ ಒಗೆದಳು, ಯಾರನ್ನೂ ಬೈಯಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಅವತ್ತಿನಿಂದ ಒಂದು ಸಲವೂ ತಂಗಿಗೆ ಬೆನ್ನು ತಿರುಗಿಸಿ ‘ಹಿಂದೆ ನೋಡು’ ಎಂದಿರಲಿಲ್ಲ. ಸೀರೆ ಒಡವೆ ಕಾಯಿಲೆ ಕಸಾಲೆ ಎಲ್ಲ ಹಂಚಿಕೊಂಡಳು, ಇದೊಂದನ್ನು ಬಿಟ್ಟು.

ಮೂರು ಗಂಟೆಗೆ ಸಭೆಯ ಕೋಣೆಯಲ್ಲಿ ನಾಲ್ಕೇ ಜನ: ಮ್ಯಾನೇಜರು, ಮಾರಾಟ ವಿಭಾಗದ ಕುಳ್ಳನೆಯ ಯಜಮಾನರು, ಹೆಂಗಸರ ಪರವಾಗಿ ದೊಡ್ಡಮ್ಮ, ಮತ್ತು ಅವಳು. ಬೂದುಬಣ್ಣದ ಬಟ್ಟೆ ಹೊದಿಸಿದ ಕುರ್ಚಿಗಳು. ಮ್ಯಾನೇಜರು ಗಾಜಿನ ತಟ್ಟೆಯನ್ನು ಇಲ್ಲಿಗೂ ತರಿಸಿದ್ದರು. ಬಾಲ ಇದ್ದ ಪ್ಯಾಡಿನ ನಡುವೆ ನೀಲಿ ನೀರು ಬಿಟ್ಟು, ಅದು ದುಂಡಗೆ ಹರಡಿ ಅಲ್ಲೇ ನಿಂತದ್ದನ್ನು ಪೆನ್ನಿನಿಂದ ತೋರಿಸಿದರು.

"ನೋಡಿ. ಬಾಲದವರೆಗೆ ಒಂದು ಹನಿ ಹೋಯ್ತಾ? ನಲವತ್ತು ಸಲ ಮಾಡಿಸಿದೀನಿ. ನಲವತ್ತು ಸಲಾನೂ ಬಾಲ ಬೆಳ್ಳಗೆ. ಅಂದ್ಮೇಲೆ ಅದು ಯಾಕೆ?" ಎಂದು, ಮಾರಾಟದವರ ಕಡೆ ತಿರುಗಿ ನಕ್ಕರು. "ನಮ್ಮ ಡಿಸೈನರ್ ಮೇಡಂ ಸ್ವಲ್ಪ ಬಾಲ ಬಿಚ್ಚಿದ್ರು, ನಾವು ಕಟ್ ಮಾಡಿದ್ವಿ!"

ಮಾರಾಟದವರು ಹೊಟ್ಟೆ ಕುಲುಕಿಸಿ ನಕ್ಕರು. ದೊಡ್ಡಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿದಳು. ಅವಳೂ ನಕ್ಕಳು, ನಗದಿದ್ದರೆ ಮುಖ ಎಲ್ಲಿಡುವುದು. ನಗುವಾಗಲೇ ಅದು ಗೊತ್ತಾಯಿತು. ಮೊದಲು ಬೆಚ್ಚಗೆ, ಆಮೇಲೆ ಹಿಂದಕ್ಕೆ, ಕೂತ ಮೈಯ ಭಾರಕ್ಕೆ ದಾರಿ ಮಾಡಿಕೊಂಡು, ಎಲ್ಲಿ ಏಣು ಇರಬೇಕಿತ್ತೋ ಅಲ್ಲಿ ತಡೆಯುವವರಿಲ್ಲದೆ ದಾಟಿ, ಪ್ಯಾಡಿನ ಅಂಚು ಮುಗಿದ ಮೇಲೆ ಬಟ್ಟೆಗೆ. ಬಟ್ಟೆ ಅಂಟಿಕೊಂಡಿತು. ಗಾಜಿನ ಮೇಲೆ ನೀಲಿ ನೀರು ಸಭ್ಯವಾಗಿ ನಡುವೆಯೇ ಕೂತಿತ್ತು.

ಮ್ಯಾನೇಜರು ವರದಿಯನ್ನು ಅವಳ ಮುಂದೆ ಸರಿಸಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. ಅವಳ ತಲೆ ಮಾತ್ರ ತನ್ನ ಪಾಡಿಗೆ ತಾನು ಹಳೆಯ ಉಪಾಯಗಳನ್ನು ಹುಡುಕತೊಡಗಿತ್ತು. ಎಲ್ಲರೂ ಹೋದ ಮೇಲೆ ಏಳುವುದು. ಫೈಲನ್ನು ಹಿಂದೆ ಹಿಡಿದುಕೊಳ್ಳುವುದು. ಗೋಡೆಗೆ ಬೆನ್ನು ಮಾಡಿ ಏಡಿಯ ಹಾಗೆ ಅಡ್ಡಡ್ಡ ನಡೆಯುವುದು. ಕುರ್ಚಿಯನ್ನು ಮೇಜಿನೊಳಕ್ಕೆ ಒತ್ತಿ ಬಿಡುವುದು, ಆಮೇಲೆ ಬಂದು ಉಜ್ಜುವುದು. ಪ್ಯಾಡು ಮಾಡಲು ಕಲಿತದ್ದು ಎಂಟು ವರ್ಷ; ಬಚ್ಚಿಡಲು ಕಲಿತದ್ದು ಅದಕ್ಕಿಂತ ಎಷ್ಟೋ ಹಳೆಯದು, ಅದರಲ್ಲಿ ತನ್ನನ್ನು ಮೀರಿಸುವವರಿಲ್ಲ. ಇವತ್ತೂ ಬಾಲ ಮುದುರಿಕೊಂಡು ಗೋಡೆ ಹಿಡಿದು ಹೋಗಬಹುದು. ಸಹಿ ಹಾಕಬಹುದು. ಎಷ್ಟೋ ಊರುಗಳಲ್ಲಿ ಎಷ್ಟೋ ಹುಡುಗಿಯರು ಕನ್ನಡಿಗೆ ಬೆನ್ನು ಹಾಕಿ ಕತ್ತು ಉಳುಕಿಸಿಕೊಳ್ಳುತ್ತಾರೆ, ಸೋರಿದರೆ ತಪ್ಪು ನನ್ನದೇ ಎಂದುಕೊಳ್ಳುತ್ತಾರೆ, ಯಾಕೆಂದರೆ ಡಬ್ಬಿಯ ಮೇಲೆ ‘ಸೋರಿಕೆ ಇಲ್ಲ’ ಎಂದು ತಾನೇ ಬರೆದುಕೊಟ್ಟಿರುತ್ತಾಳೆ. ಏನೂ ಇಲ್ಲ, ಹೋಗು. ಸಿಟ್ಟು ಕಾಲಿನಿಂದ ಎದ್ದು ಬಂತು. ಎಷ್ಟು ವರ್ಷದ ಸಿಟ್ಟೋ, ಯಾರ ಮೇಲಿನದೋ.

"ಸೋರಿದೆ ಸಾರ್" ಎಂದಳು.

"ಏನು?" ಮ್ಯಾನೇಜರು ಗಾಬರಿಯಿಂದ ಗಾಜಿನ ತಟ್ಟೆಯ ಕೆಳಗೆ ಬೆರಳಾಡಿಸಿ ನೋಡಿದರು. "ಎಲ್ಲಿ? ಒಣಗಿದೆಯಲ್ಲ!"

"ಅಲ್ಲಲ್ಲ. ಇಲ್ಲಿ."

ಎದ್ದು ನಿಂತಳು. ಸುಮ್ಮನೆ ಎದ್ದದ್ದಲ್ಲ, ಪೂರ್ತಿ ತಿರುಗಿ, ಅವರಿಗೆ ಬೆನ್ನು ಮಾಡಿ ನಿಂತಳು. ಹಿಂದಿನ ಸಾಲಿನ ಆ ನಗು ಈಗ ಬರುತ್ತದೆ ಎಂದು ಕಾದಳು. ಬರಲಿ ನೋಡೋಣ ಎಂದು ಹಲ್ಲು ಕಚ್ಚಿದಳು. ನಗು ಬರಲಿಲ್ಲ. ಮಾರಾಟದವರ ಕುರ್ಚಿ ಕಿರ್ರ್ ಎಂದಿತು. ಅವರು ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದ್ದರು.

"ಮೇಡಂ... ಅಯ್ಯೋ... ನೀವು ಮನೆಗೆ ಹೋಗಿ ಮೇಡಂ, ಕಾರು ಕಳಿಸ್ತೀನಿ" ಎಂದರು ಮ್ಯಾನೇಜರು, ತಾವೇ ಏನೋ ಅಪರಾಧ ಮಾಡಿ ಸಿಕ್ಕಿಬಿದ್ದವರ ಹಾಗೆ. "ಇದನ್ನ ನಾಳೆ ನೋಡ್ಕೊಳ್ಳೋಣ. ರೆಸ್ಟ್ ತಗೊಳ್ಳಿ."

"ರೆಸ್ಟ್ ಬೇಡ ಸಾರ್. ಸ್ಕೇಲ್ ಕೊಡಿ."

ಕೊಡುವವರಿರಲಿಲ್ಲ. ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇತ್ತು, ಅದಿಲ್ಲದೆ ಅವಳು ಎಲ್ಲಿಗೂ ಹೋಗುವವಳಲ್ಲ. ಕುರ್ಚಿಯನ್ನು ಬೆಳಕಿಗೆ ಎಳೆದು, ಮಂಡಿಯೂರಿ, ಬೂದುಬಟ್ಟೆಯ ಮೇಲಿನ ಕಲೆಯ ಸುತ್ತ ಗೆರೆ ಎಳೆದಳು. ಸಾವಿರ ಸಲ ಮಾದರಿ ಬಿಡಿಸಿದ ಕೈ. ಆಮೇಲೆ ತೊಡೆ ತಾಗಿದ ಗುರುತು ಹಿಡಿದು ಪ್ಯಾಡಿನ ಅಂಚು ಎಲ್ಲಿ ಮುಗಿದಿರುತ್ತದೆಂದು ಇನ್ನೊಂದು ಗೆರೆ. ಅಂಚಿನಿಂದ ಕಲೆಯ ತುದಿಗೆ ಬೆರಳಿಟ್ಟಳು. ಒಂದು, ಎರಡು, ಮೂರು, ನಾಲ್ಕು.

"ನಾಲ್ಕು ಬೆರಳು" ಎಂದಳು. "ನೀವು ಕತ್ತರಿಸಿದ್ದೂ ಅಷ್ಟೇ ಸಾರ್. ಗಾಜಿನ ಮೇಲೆ ನಲವತ್ತು ಸಲ ಅಲ್ಲಿಗೆ ಹೋಗಿಲ್ಲ, ಸರಿ. ಗಾಜು ಕೂತ್ಕೊಳ್ಳಲ್ಲ."

"ಒಂದು ಸಲ ಆಗಿದ್ದಕ್ಕೆ..." ಮ್ಯಾನೇಜರು ಕುರ್ಚಿಯ ಕಡೆ ನೋಡದೆ ವರದಿಯ ಕಡೆ ನೋಡಿದರು. "ಇಪ್ಪತ್ಮೂರು ಜನ ಇಲ್ಲ ಅಂದಿದಾರಲ್ಲ ಮೇಡಂ. ನೀವೂ ಅಂದಿದೀರಿ."

"ಸುಳ್ಳು ಹೇಳಿದೀನಿ."

ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಎದ್ದುಬಂದಳು. ಸೊಂಟಕ್ಕೆ ಕೈಕೊಟ್ಟು ಬಗ್ಗಿ, ಸೀಮೆಸುಣ್ಣದ ಗೆರೆಯನ್ನು ಹೊಲಿಗೆ ಪರೀಕ್ಷೆ ಮಾಡುವವಳ ಹಾಗೆ ನೋಡಿದಳು.

"ನಮ್ಮ ಸೊಸೆದೂ ಅಲ್ಲೇ" ಎಂದಳು. "ನಮ್ಮ ಲೈನಿನ ಹುಡುಗೀರದ್ದೂ ಅಲ್ಲೇ. ಫಾರಂ ತಗೊಳ್ಳೋಕೆ ಗೇಟಿನ ಹತ್ರ ಸ್ಟೋರಿನೋನು ನಿಂತಿದ್ನಲ್ಲ ಸಾರ್, ಅವನ ಕೈಗೆ ‘ಹೌದು, ನಂಗೆ ಸೋರ್ತು’ ಅಂತ ಯಾರು ಕೊಡ್ತಾರೆ? ಸೋರ್ತು ಅಂದ್ರೆ ಇವಳಿಗೆ ಶಿಸ್ತಿಲ್ಲ ಅಂತಾರೆ. ಅದಕ್ಕೇ ಎಲ್ಲ ‘ಇಲ್ಲ’ ಅಂತ ಗೀಚಿದ್ವು. ಆ ಹದಿನೇಳನೇ ನಂಬರಿನೋಳು ಯಾರೋ, ಗಟ್ಟಿಗಿತ್ತಿ."

"ನಮ್ಮಕ್ಕ" ಎಂದಳು ಅವಳು. "ಅವಸರದ ಹೆಂಗಸು ಅಂದೆನಲ್ಲ ಸಾರ್, ಅದೂ ಸುಳ್ಳು. ಅವಳ ಹಾಳೆ ನಿಮ್ಮ ಡ್ರಾಯರಲ್ಲಿದೆ, ತೆಗೀರಿ."

ಪೆನ್ನಿಗೆ ಮುಚ್ಚಳ ಹಾಕಿ ವರದಿಯ ಮೇಲಿಟ್ಟಳು. ಮೊದಲನೇ ಪುಟದ ‘ಸೋರಿಕೆ ಇಲ್ಲ’ದ ಮೇಲೆ ಸೀಮೆಸುಣ್ಣದಲ್ಲೇ ಒಂದು ಗೆರೆ ಹೊಡೆದಳು, ಬಿಳಿ ಹಾಳೆಯ ಮೇಲೆ ಬಿಳಿ ಗೆರೆ ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ ಒತ್ತಿ ಹೊಡೆದಳು.

"ಬೇರೆ ಡಿಸೈನರು ಸಿಗ್ತಾರೆ ಮೇಡಂ, ಅದು ನಿಮಗೂ ಗೊತ್ತು" ಎಂದರು ಮ್ಯಾನೇಜರು, ಮೆಲ್ಲಗೆ, ಅವರ ಸಭ್ಯತೆ ಕೊನೆಗೂ ಸ್ವಲ್ಪ ಸೋರಿತ್ತು.

"ಸಿಗಲಿ ಸಾರ್. ಅವಳೂ ಕೂತ್ಕೊಳ್ಳೋಳೇ ಅಲ್ವಾ?" ಎಂದಳು. "ನಾನು ಮಾತ್ರ ಬಾಲ ಬಿಚ್ಚಿದೀನಿ. ಇನ್ನು ಮುದುರಲ್ಲ."

ಕುರ್ಚಿಯನ್ನು ಎತ್ತಿಕೊಂಡಳು. ಒಂದು ಕಾಲನ್ನು ದೊಡ್ಡಮ್ಮ ಹಿಡಿದಳು. ಹಿಂದೆ ಕೆನೆಬಣ್ಣದ ಪ್ಯಾಂಟು ಹೇಗಿತ್ತೋ ಹಾಗೇ ಇತ್ತು, ಫೈಲು ಕೈಚೀಲ ಏನನ್ನೂ ಅಡ್ಡ ಹಿಡಿಯಲಿಲ್ಲ. ಹೊಲಿಗೆಯ ಸಾಲುಗಳ ನಡುವೆ ಹೋಗುವಾಗ ಒಂದೊಂದೇ ಯಂತ್ರ ನಿಂತಿತು. ಕೊನೆಯ ಸಾಲಿನ ಹುಡುಗಿ ಧಡಕ್ಕನೆ ಎದ್ದು ತನ್ನ ಶಾಲು ತೆಗೆದು, "ಅಕ್ಕಾ, ಸೊಂಟಕ್ಕೆ ಕಟ್ಕೊಳ್ಳಿ" ಎಂದು ಓಡಿಬಂದಳು. "ಬೇಡಮ್ಮ, ಅಳತೆ ತಗೋಬೇಕು" ಎಂದಳು ಅವಳು. ಹುಡುಗಿಗೆ ಅರ್ಥವಾಗಲಿಲ್ಲ. ದೊಡ್ಡಮ್ಮ ಅರ್ಥ ಮಾಡಿಸಿದಳು, ಇಡೀ ಹಾಲಿಗೆ ಕೇಳುವ ಹಾಗೆ. ಪ್ರಯೋಗದ ಕೋಣೆಯಲ್ಲಿ ಗಾಜಿನ ತಟ್ಟೆ ಇದ್ದ ಜಾಗದಲ್ಲಿ ಕುರ್ಚಿಯನ್ನಿಟ್ಟರು. ಐದು ಗಂಟೆಯ ಹೊತ್ತಿಗೆ ಒಂಬತ್ತು ಜನ ಬಂದು ತಮ್ಮ ನಂಬರು ಹೇಳಿ, ಇಲ್ಲವನ್ನು ಹೌದು ಮಾಡಿ ಹೋಗಿದ್ದರು. ಮ್ಯಾನೇಜರರ ಕೋಣೆಯ ಬಾಗಿಲು ಮುಚ್ಚಿತ್ತು. ಬಾಲ ಇಲ್ಲದ ಮಾದರಿ ಕತ್ತರಿಸುವ ಅಚ್ಚಿಗೆ ಹೋಗಬೇಕಿದ್ದ ಅಪ್ಪಣೆ ಅವತ್ತು ಹೋಗಲಿಲ್ಲ. ನಾಳೆ ಹೋಗುತ್ತದೋ ಏನೋ, ನಾಳೆ ನಾಳೆಗಾಯಿತು.

ಬಟ್ಟೆ ಬದಲಾಯಿಸಬಹುದಿತ್ತು, ಲಾಕರಿನಲ್ಲಿ ಕಪ್ಪು ಪ್ಯಾಂಟೊಂದು ಯಾವಾಗಲೂ ಇರುತ್ತಿತ್ತು. ಪ್ಯಾಡು ಬದಲಾಯಿಸಿದಳು, ಪ್ಯಾಂಟನ್ನು ಬಿಟ್ಟಳು. ಅಕ್ಕನ ಬಸ್ಸು ಐದೂ ನಲವತ್ತಕ್ಕೆ ಕಾರ್ಖಾನೆಯ ತಿರುವಿಗೆ ಬರುತ್ತದೆ, ಅವತ್ತಿನ ಕೊನೆಯ ಟ್ರಿಪ್ಪು. ಹತ್ತುವಾಗ ಹಿಂದಿನಿಂದ ಅಕ್ಕನ ದನಿ ಬಂತು.

"ಏ ಪುಟ್ಟಿ! ಹಿಂದೆ ಆಗಿದೆ ಕಣೇ!"

"ಗೊತ್ತು."

"ಗೊತ್ತಿದ್ದೂ ಹೀಗೇ ಬಂದ್ಯಾ? ತಲೆ ಕೆಟ್ಟಿದೆಯಾ ನಿನಗೆ?" ಅಕ್ಕ ಟಿಕೆಟಿನ ಯಂತ್ರವನ್ನು ಬದಿಗೆ ತಳ್ಳಿ ಹತ್ತಿರ ಬಂದಳು. ಬಸ್ಸಿನಲ್ಲಿ ಮುಂದೆ ಇಬ್ಬರು ಮುದುಕರಷ್ಟೇ ಇದ್ದರು. "ಏನಾಯ್ತು ಮೀಟಿಂಗು?"

"ನಿನ್ನ ಚಿತ್ರ ಗೆದ್ದಿತು" ಎಂದಳು. ಆಮೇಲೆ, ಬಸ್ಸು ತಿರುವು ತೆಗೆದುಕೊಳ್ಳುವಾಗ ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಇಪ್ಪತ್ತೆರಡು ವರ್ಷ ಬಾಯಲ್ಲೇ ಉಳಿದದ್ದನ್ನು ಹೇಳಿದಳು. "ಅಕ್ಕ, ಅವತ್ತು ಸ್ಕೂಲಲ್ಲಿ... ನಾನು ನೋಡಿದ್ದೆ. ಆಗಿತ್ತು. ನೋಡಿದ್ರೂ ಏನೂ ಇಲ್ಲ ಅಂದೆ."

ಅಕ್ಕ ಅವಳ ಮುಖ ನೋಡಿದಳು. ಅಕ್ಕನ ಕಣ್ಣು ಕೆಂಪಗಿತ್ತು, ಅದು ಧೂಳಿಗೋ ದಣಿವಿಗೋ, ಬೆಳಿಗ್ಗೆಯಿಂದ ಏಳು ಟ್ರಿಪ್ಪು.

"ಗೊತ್ತಿತ್ತು ಬಿಡೇ" ಎಂದಳು. "ನೋಡ್ದಾಗ ನಿನ್ನ ಉಸಿರು ನಿಂತಿತ್ತು, ಯಾಕೆ ಅಂತ ಆ ನಗು ಕೇಳಿದ್ಮೇಲೆ ಹೊಳೀತು. ಅಷ್ಟೂ ಗೊತ್ತಾಗಲ್ವಾ ನಂಗೆ?"

"ಮತ್ತೆ ಬೈಲಿಲ್ಲ ಯಾಕೆ?"

"ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಆಮೇಲೆ ರೂಢಿಯಾಯ್ತು."

ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಅಕ್ಕ ಅಭ್ಯಾಸದಂತೆ ರೈಟ್ ಎಂದು ಕೂಗಿ ಸೀಟಿ ಊದಿದಳು. ಬಸ್ಸು ಹೊರಟಿತು. ಆಮೇಲೆ ಅಕ್ಕ ಸೀಟಿನ ಬೆನ್ನಿಗೆ ಕೈಕೊಟ್ಟು, ತಟ್ಟನೆ ತಂಗಿಗೆ ಬೆನ್ನು ತಿರುಗಿಸಿ ನಿಂತಳು. ತಿಳಿ ಖಾಕಿ ಪ್ಯಾಂಟು, ಹತ್ತು ಗಂಟೆ ಕೂತು ಎದ್ದು, ಎದ್ದು ಕೂತು ಸುಕ್ಕಾದದ್ದು. ಒಳಗೆ ಬಾಲ ಇದ್ದ ಆ ಕೊನೆಯ ಪ್ಯಾಡು.

"ಹಿಂದೆ ನೋಡೇ ಪುಟ್ಟಿ" ಎಂದಳು. "ಏನಾದ್ರೂ ಆಗಿದೆಯಾ?"

ಅವಳು ಬಗ್ಗಿ ನೋಡಿದಳು. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಇನ್ನೊಂದು ಸಲ ನೋಡಿದಳು, ಕಿಟಕಿಯ ಬೆಳಕು ಬೀಳುವ ಹಾಗೆ ಸ್ವಲ್ಪ ಸರಿದು ಮೂರನೇ ಸಲವೂ ನೋಡಿದಳು.

"ಏನೂ ಇಲ್ಲ" ಎಂದಳು.